ಕಂಕುಳು ಮೂಸುವ ನೌಕರಿ

ರಸಾಯನಶಾಸ್ತ್ರ ಓದಿದವರಿಗೆ ಕೆಲಸ ಸಿಗುವುದಿಲ್ಲ ಅಂತ ಯಾರ್ರೀ ಹೇಳಿದ್ದು? ಕಡ್ಡಿಗೆ ಪದವಿಯ ಫಲಿತಾಂಶ ಬಂದ ಮರುದಿನದಿಂದಲೇ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲದಷ್ಟು ಕೆಲಸ. ಪಕ್ಕದ ಮನೆಯಾಕೆ ಸೋಫಾದ ಹೊದಿಕೆ ಹೊತ್ತು ತಂದು, ಶಾಯಿ ಕಲೆ ತೆಗೆದುಕೊಡು ಎಂದರು. ಎದುರು ಮನೆಯವರು ಒಂದು ಲೋಟ ಹಾಲು ತಂದಿಟ್ಟು, ಇದರಲ್ಲಿ ನೀರೆಷ್ಟು ಹೇಳಮ್ಮ ಎಂದರು. ಅದೇ ಸಂಜೆ ಹಾಲಿನವನು ಬಂದು, ಎಷ್ಟು ಅಂತ ಹೇಳಿದ್ರಿ ಎಂದು ಮೆಲ್ಲಗೆ ವಿಚಾರಿಸಿಕೊಂಡು ಹೋದ. ಮಹಡಿ ಮನೆಯ ಮುದುಕರಿಗೆ ಬಚ್ಚಲ ಕೊಳವೆ ಕಟ್ಟಿಕೊಂಡಿತ್ತು; ಇಷ್ಟು ವರ್ಷ ಓದಿದ್ದೀಯಲ್ಲ, ಬಂದು ನೋಡು ಎಂದು ಕರೆದೇ ಬಿಟ್ಟರು. ಕೆಲಸಕ್ಕೇನೂ ಬರವಿರಲಿಲ್ಲ. ಸಂಬಳ ಕೊಡುವವರು ಮಾತ್ರ ಯಾರೂ ಇರಲಿಲ್ಲ.

ಕಡ್ಡಿ ಅನ್ನುವುದು ಮನೆಯವರು ಇಟ್ಟ ಹೆಸರು. ಹುಟ್ಟಿದಾಗಿನಿಂದ ಎಷ್ಟು ತಿನ್ನಿಸಿದರೂ ಮೈಗೆ ಹತ್ತದ ಜೀವ ಅದು. ಆ ದೇಹದಲ್ಲಿ ದಷ್ಟಪುಷ್ಟವಾಗಿ ಬೆಳೆದದ್ದು ಮೂಗೊಂದೇ. ಬರೀ ನೋಡಲಿಕ್ಕಲ್ಲ, ಕೆಲಸದಲ್ಲೂ ಅದು ಭಾರೀ ಮೂಗು. ಖಾಲಿ ಕುರ್ಚಿಯನ್ನು ಮೂಸಿ, ಈಗ ತಾನೇ ಯಾರು ಎದ್ದುಹೋದರು ಎಂದು ಹೇಳುತ್ತಿದ್ದಳು. ಬೀರುವಿನೊಳಗೆ ಅಮ್ಮ ಬಚ್ಚಿಟ್ಟ ಬಿಸ್ಕತ್ತು ಯಾವ ಸೀರೆಯ ಕೆಳಗಿದೆ ಎಂದು ಬಾಗಿಲು ತೆರೆಯದೆಯೇ ಹೇಳುತ್ತಿದ್ದಳು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಉಳಿದವರು ಲವಣ ಪತ್ತೆಹಚ್ಚಲು ಮಧ್ಯಾಹ್ನವೆಲ್ಲ ಒದ್ದಾಡುತ್ತಿದ್ದರೆ, ಇವಳು ಬಾಗಿಲಲ್ಲಿ ನಿಂತು ಮೂಗೇರಿಸಿ ಉತ್ತರ ಬರೆದು ಮನೆಗೆ ಹೋಗುತ್ತಿದ್ದಳು. ಮೇಷ್ಟರು ಬೈದರು. ಗೆಳತಿಯರು ನಾಯಿಮರಿ ಅಂತ ಗೇಲಿ ಮಾಡಿದರು. ಒಟ್ಟಿನಲ್ಲಿ ಆ ಮೂಗಿನಿಂದ ಅವಳಿಗೆ ಒಂದು ದಿನವೂ ಒಳ್ಳೆಯ ಮಾತು ಸಿಕ್ಕಿರಲಿಲ್ಲ.

ಮೊದಲು ಔಷಧ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಡಾಕ್ಟರುಗಳ ಬಳಿಗೆ ಹೋಗಿ ಟಾನಿಕ್ಕಿನ ಗುಣಗಾನ ಮಾಡಬೇಕು. "ಇದನ್ನ ಕುಡಿದ್ರೆ ನಿಜವಾಗ್ಲೂ ಶಕ್ತಿ ಬರುತ್ತಾ?" ಎಂದು ಡಾಕ್ಟರೊಬ್ಬರು ಕೇಳಿದರು. "ಬರುತ್ತೆ ಸಾರ್, ಸಕ್ಕರೆ ಪಾಕ ಅಲ್ವಾ?" ಎಂದಳು ಇವಳು. ಆ ಕೆಲಸ ಅಲ್ಲಿಗೇ ಮುಗಿಯಿತು. ಆಮೇಲೆ ರಕ್ತ ಪರೀಕ್ಷೆ ಮಾಡುವ ಲ್ಯಾಬು. ಖಾಲಿ ಹೊಟ್ಟೆಯಲ್ಲಿ ಬಂದಿದ್ದೇನೆ ಎಂದು ತೋಳು ಚಾಚಿದ ಗೌರವಸ್ಥರೊಬ್ಬರಿಗೆ, "ಆಮ್ಲೆಟ್ ತಿಂದು ಎಷ್ಟು ಹೊತ್ತಾಯ್ತು ಸಾರ್?" ಎಂದು ಅವರ ಹೆಂಡತಿಯ ಎದುರಿಗೇ ಕೇಳಿಬಿಟ್ಟಳು. ಹೆಂಡತಿ ಅವರಿಗೆ ಮೊಟ್ಟೆ ಬಿಡಿಸಿ ವರ್ಷವಾಗಿತ್ತಂತೆ. ಆ ದಂಪತಿಯ ಜಗಳ ರಸ್ತೆಯ ತನಕ ಹೋಯಿತು, ಕಡ್ಡಿಯ ಕೆಲಸ ಅದಕ್ಕಿಂತ ಮುಂಚೆಯೇ ಹೋಗಿತ್ತು.

ಇಷ್ಟಾದ ಮೇಲೆ ಮಾವ ರಂಗಕ್ಕಿಳಿದರು. ಮಾವ ಎಂದರೆ ಅಮ್ಮನ ಅಣ್ಣ, ಹೈಸ್ಕೂಲಿನ ಹೆಡ್‌ಮಾಸ್ಟರು. ಬೇರೆಯವರ ಮಕ್ಕಳ ಭವಿಷ್ಯ ಕಂಡರೆ ಅವರಿಗೆ ಕೈ ತುರಿಸುತ್ತದೆ. ಅವರ ಸ್ವಂತ ಮಕ್ಕಳಿಬ್ಬರೂ ಸಿಕ್ಕಿದ ಕಡೆ ಓಡಿಹೋಗಿದ್ದು ಅದಕ್ಕೇ ಅಂತ ಅಮ್ಮನೇ ಒಮ್ಮೊಮ್ಮೆ ಹೇಳುವುದುಂಟು, ಅಣ್ಣ ಹತ್ತಿರದಲ್ಲಿಲ್ಲದಾಗ.

"ಟೀಚರ್ ಟ್ರೇನಿಂಗ್ ಮಾಡ್ಸಿಬಿಡೋಣ," ಎಂದರು ಮಾವ. "ಸೀಟು ಹಿಡಿದಿಟ್ಟಿದೀನಿ. ಮುಗಿಸಿದ್ರೆ ನನ್ನ ಸ್ಕೂಲಲ್ಲೇ ಕೆಲಸ. ನನ್ನ ಕಣ್ಣೆದುರಿಗೇ ಇರ್ತಾಳೆ."

ಆ ಕೊನೆಯ ಮಾತು ಕಿವಿಗೆ ಬಿದ್ದದ್ದೇ ಕಡ್ಡಿ ಅವಸರವಾಗಿ ಬಾಯಿ ತೆರೆದಳು. "ಇನ್ನೊಂದು ಕಡೆ ತರಬೇತಿಗೆ ಕರೆದಿದಾರೆ ಮಾವ, ಒಂದು ತಿಂಗಳು ನೋಡ್ತೀನಿ," ಎಂದಳು.

"ಏನು ತರಬೇತಿ?"

"ಗುಣಮಟ್ಟ ಪರೀಕ್ಷೆ."

"ಯಾವುದರ ಗುಣಮಟ್ಟ?"

"ಹೀಗೇ... ಸಾಮಾನ್ಯವಾಗಿ," ಎಂದು ಕಡ್ಡಿ ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದಳು. ಬಾಯಾರಿಕೆ ಏನೂ ಇರಲಿಲ್ಲ.

ಯಾವುದರ ಗುಣಮಟ್ಟ ಅಂತ ನಿಮಗಾದರೂ ಹೇಳಲೇಬೇಕು. ಸೋಪು, ಪೌಡರು, ಬೆವರುನಾತ ತಡೆಯುವ ಸ್ಪ್ರೇ ತಯಾರಿಸುವ ಕಂಪನಿಯೊಂದು ಊರಾಚೆ ಇತ್ತು. ಸ್ಪ್ರೇ ಹಾಕಿಕೊಂಡ ಮೇಲೆ ನಾತ ನಿಜವಾಗಿಯೂ ನಿಂತಿದೆಯೋ ಇಲ್ಲವೋ ಎಂದು ಯಾರಾದರೂ ನೋಡಬೇಕಲ್ಲ? ಯಂತ್ರಕ್ಕೆ ಅದು ತಿಳಿಯುವುದಿಲ್ಲ, ಮನುಷ್ಯರ ಮೂಗೇ ಆಗಬೇಕು. ಕಂಕುಳಿನ ಹತ್ತಿರ ಮೂಗು ತಂದು, ಎಳೆದು ಮೂಸಿ, ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಬೇಕು. ಸೊನ್ನೆ ಎಂದರೆ ಏನೂ ಇಲ್ಲ. ಹತ್ತು ಎಂದರೆ ಎದ್ದು ಓಡಬೇಕು. ವಿಜ್ಞಾನ ಪದವಿ ಕಡ್ಡಾಯ. ನಗಬೇಡಿ, ಕೇಳಿ. ಅಲ್ಲಿಗೆ ಹೋದ ಮೊದಲ ದಿನ ಮುಖ್ಯ ಪರೀಕ್ಷಕಿ, ಎಲ್ಲರೂ ಮೇಡಂ ಎನ್ನುವ, ನಗುವುದನ್ನು ಯಾವಾಗಲೋ ಬಿಟ್ಟುಬಿಟ್ಟಿದ್ದ ಹೆಂಗಸು, ಕಡ್ಡಿಯ ಮುಂದೆ ಬಾಟಲಿಗಳ ಸಾಲು ಇಟ್ಟರು. ಕಡ್ಡಿ ಒಂದೊಂದನ್ನೂ ಮೂಸಿ, "ಮೇಡಂ, ಈ ಎರಡು ಬಾಟಲಿಗಳ ಮುಚ್ಚಳ ಅದಲುಬದಲಾಗಿದೆ," ಎಂದಳು. ಮೇಡಂ ತಾವೂ ಮೂಸಿ ನೋಡಿದರು. "ಈ ಮೂಗನ್ನ ಇಷ್ಟು ದಿನ ಎಲ್ಲಿಟ್ಟಿದ್ದೆ?" ಎಂದು ಕೇಳಿದರು. ಕಡ್ಡಿಗೆ ಖುಷಿಯಿಂದ ಕಣ್ಣು ತುಂಬಿ ಬಂತು. ಹುಟ್ಟಿದಾಗಿನಿಂದ ಮೂಗಿಗೆ ಸಿಕ್ಕ ಮೊದಲ ಮೆಚ್ಚುಗೆ ಅದು. ಇಲ್ಲೇ ಇರಬೇಕು, ಬೇರೆಲ್ಲೂ ಬೇಡ ಎಂದು ಅವಳು ಆವತ್ತೇ ತೀರ್ಮಾನಿಸಿಬಿಟ್ಟಳು.

ಆದರೆ ಮನೆಯಲ್ಲಿ ಹೇಗೆ ಹೇಳುವುದು? ಊರವರ ಕಂಕುಳು ಮೂಸಲು ಮೂರು ವರ್ಷ ಓದಿದೆಯಾ ಎಂದು ಮಾವ ಕೇಳದೆ ಬಿಡುತ್ತಾರೆಯೇ? ಹಾಗಾಗಿ ಬಾಯಿಗೆ ಬೀಗ ಹಾಕಿಕೊಂಡು ದಿನಾ ಹೋಗಿ ಬರುತ್ತಿದ್ದಳು. ತಿಂಗಳು ಪೂರ್ತಿ ಬಾಟಲಿಗಳನ್ನೂ ಬೆವರು ಹೀರಿದ ಬಟ್ಟೆಯ ತುಂಡುಗಳನ್ನೂ ಮೂಸಿ ಅಂಕ ಕೊಡುವ ಅಭ್ಯಾಸ. ಪರೀಕ್ಷಕರು ಬೆಳ್ಳುಳ್ಳಿ, ಈರುಳ್ಳಿ ತಿನ್ನುವ ಹಾಗಿಲ್ಲ. ಸುವಾಸನೆಯ ಎಣ್ಣೆ, ಪೌಡರು ಮುಟ್ಟುವ ಹಾಗಿಲ್ಲ. ಕಡ್ಡಿ ತಟ್ಟೆಯಿಂದ ಈರುಳ್ಳಿ ಆರಿಸಿ ಪಕ್ಕಕ್ಕಿಡುವುದನ್ನು ಅಮ್ಮ ನೋಡಿದರು.

ಅಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದರು. ಬೆಳಗಿನಿಂದ ಸಂಜೆಯ ತನಕ ಮೆಷಿನ್ನು ತುಳಿಯುತ್ತಲೇ ಲೋಕದ ವ್ಯವಹಾರವನ್ನೆಲ್ಲ ವಿಚಾರಿಸುತ್ತಿದ್ದರು. "ಈ ಮನೆಗೇನು ಬಂದಿದೆಯೋ ನಾ ಕಾಣೆ," ಎಂದರು. "ಮಗಳು ಈರುಳ್ಳಿ ಬಿಟ್ಟಳು, ಅಪ್ಪ ಸೋಪು ಬಿಟ್ಟರು."

ಹೌದು, ಅಪ್ಪನ ವಿಷಯ ಬೇರೆಯೇ ಒಂದು ರಾಮಾಯಣ. ಅಪ್ಪ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಕಂಬಿ ಹಿಡಿದು ನಿಂತ ಜನರ ಕೈಗಳ ಕೆಳಗೆ ನುಸುಳಿ ನುಸುಳಿ ಟಿಕೆಟ್ ಕೊಟ್ಟೇ ಆಯಸ್ಸು ಕಳೆದವರು. ನಿವೃತ್ತಿಯಾಗಿ ಮನೆಯಲ್ಲಿ ಕೂತ ಮೇಲೆ ಅವರಿಗೂ ನೆಮ್ಮದಿಯಿಲ್ಲ, ಮನೆಯವರಿಗೂ ಇಲ್ಲ. ಅಳತೆ ಕೊಡಲು ಬಂದ ಹೆಂಗಸರನ್ನೆಲ್ಲ, "ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ," ಎಂದು ಒಂದೇ ಮೂಲೆಗೆ ತುಂಬಿ ನಿಲ್ಲಿಸುತ್ತಿದ್ದರು. ಅಮ್ಮ ಕತ್ತರಿ ಎತ್ತಿಕೊಂಡು, "ರೀ, ಎಲ್ಲಿಗಾದ್ರೂ ಹೋಗಿ ಬನ್ನಿ," ಎಂದು ಗದರಿದ ಮೇಲೆ, ಒಂದು ದಿನ ಹೊರಗೆ ಹೋದವರು ದಿನಾ ಹೋಗತೊಡಗಿದರು. ಎಲ್ಲಿಗೆ ಎಂದರೆ, ಲೈಬ್ರರಿಗೆ ಎನ್ನುತ್ತಿದ್ದರು. ಅದೇ ಹೊತ್ತಿಗೆ ಸೋಪು ಹಚ್ಚುವುದನ್ನೂ ನಿಲ್ಲಿಸಿದರು. ಸ್ನಾನ ಮಾಡುತ್ತಿದ್ದರು, ಬರೀ ನೀರಿನಲ್ಲಿ. ಕೇಳಿದರೆ, ಚರ್ಮಕ್ಕೆ ಒಳ್ಳೆಯದಂತೆ, ಲೈಬ್ರರಿಯಲ್ಲಿ ಓದಿದೆ ಎನ್ನುವ ಉತ್ತರ.

"ನಿಮ್ಮ ಬನಿಯನ್ನು ತಾನೇ ಎದ್ದು ಬಚ್ಚಲಿಗೆ ನಡೆದು ಹೋಗುತ್ತೆ ಕಣ್ರೀ," ಎಂದು ಅಮ್ಮ ಹಣೆ ಚಚ್ಚಿಕೊಂಡರು.

"ಇದು ವೈರಾಗ್ಯ," ಎಂದರು ಮಾವ, ಬಾಗಿಲಿನ ಆಚೆಯೇ ಕುರ್ಚಿ ಹಾಕಿಸಿಕೊಂಡು ಕೂತು. "ನಿವೃತ್ತಿ ಆದೋರಿಗೆ ಹೀಗಾಗುತ್ತೆ. ಕಂಡಕ್ಟರ್ ಸಾಹೇಬ್ರು ಇನ್ನೇನು ಗಡ್ಡ ಬಿಡ್ತಾರೆ, ನೋಡ್ತಿರು."

ಕಡ್ಡಿಗೆ ಮಾತ್ರ ಇದರಿಂದ ಒಂದಿಷ್ಟೂ ತೊಂದರೆಯಾಗಲಿಲ್ಲ. ಎಲ್ಲರೂ ಮೂಗು ಮುಚ್ಚಿಕೊಂಡು ಓಡಾಡುವಾಗ ಅವಳು ಅಪ್ಪನ ಪಕ್ಕದಲ್ಲೇ ಕೂತು ಊಟ ಮಾಡುತ್ತಿದ್ದಳು. ಇಷ್ಟು ಸೂಕ್ಷ್ಮವಾದ ಮೂಗಿಗೆ ಇಷ್ಟು ದೊಡ್ಡ ನಾತ ಯಾಕೆ ತಾಗಲಿಲ್ಲ ಎಂದು ಅವಳಾದರೂ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಅವಳ ತಲೆಯಲ್ಲಿ ಇದ್ದದ್ದು ಒಂದೇ: ಶನಿವಾರ ಕೊನೆಯ ಪರೀಕ್ಷೆ. ಪಾಸಾದರೆ ಕೆಲಸ ಖಾಯಂ. ಭಾನುವಾರ ಮಾವ ಉತ್ತರ ಕೇಳಲು ಬರುತ್ತಾರೆ. ಶನಿವಾರ ಎಡವಟ್ಟಾಯಿತೋ, ಭಾನುವಾರದಿಂದ ಜೀವನಪೂರ್ತಿ ಮಾವನ ಕಣ್ಣೆದುರಿಗೆ.

ಕೊನೆಯ ಪರೀಕ್ಷೆ ಬಾಟಲಿಯದ್ದಲ್ಲ, ನಿಜವಾದ ಕಂಕುಳಿನದು. ಬೆವರು ಕೊಡಲೆಂದೇ ಬರುವ ಒಂದಷ್ಟು ಜನರಿದ್ದರು. ಅವರು ವಾರಗಟ್ಟಲೆ ಸೋಪು ಮುಟ್ಟಬಾರದು, ಬರುವುದೂ ಹೋಗುವುದೂ ಹಿಂದಿನ ಗೇಟಿನಲ್ಲಿ. ಪರೀಕ್ಷಕರದು ಮುಂದಿನ ಗೇಟು. ಒಬ್ಬರ ಮುಖ ಒಬ್ಬರು ನೋಡಲೇಬಾರದು. ಮುಖ ನೋಡಿದರೆ ಮೂಗು ಪಕ್ಷಪಾತ ಮಾಡುತ್ತದಂತೆ. ಹಾಗಾಗಿ ಕೋಣೆಯ ನಡುವೆ ಆಳೆತ್ತರದ ಹಲಗೆಯ ಗೋಡೆ. ಅದರಲ್ಲಿ ಸಾಲಾಗಿ ಕಂಡಿಗಳು. ಆಚೆ ನಿಂತವರು ಕಂಡಿಯಿಂದ ಕೈ ಹೊರಚಾಚಿ, ಮೇಲೆತ್ತಿ, ಕಂಕುಳನ್ನು ಒಡ್ಡಬೇಕು. ತೋಳಿಗೆ, ಕೈಗೆ ಬಿಳಿ ಬಟ್ಟೆಯ ಗವಸು. ಈಚೆಯಿಂದ ಕಾಣುವುದು ಒಂದು ಹಿಡಿಯಷ್ಟು ಮನುಷ್ಯ ಮಾತ್ರ, ಅದೂ ದೇವರು ಅಷ್ಟೇನೂ ಗಮನ ಕೊಡದೆ ಮಾಡಿದ ಭಾಗ. ಪರೀಕ್ಷೆಯ ದಿನ ಕೋಣೆಯೊಳಗೆ ಕಾಲಿಟ್ಟರೆ, ಒಂದಿಡೀ ಗೋಡೆ ನಿಮಗೆ ಶರಣಾದ ಹಾಗೆ ಕೈಯೆತ್ತಿ ನಿಂತಿರುತ್ತದೆ.

ಕಡ್ಡಿ ಮತ್ತು ಅವಳ ಜೊತೆ ತರಬೇತಿಯಲ್ಲಿದ್ದ ಕನ್ನಡಕದ ಹುಡುಗಿ ಬಿಳಿ ಕೋಟು ತೊಟ್ಟು ಸಾಲಿನ ಎರಡು ತುದಿಗಳಿಂದ ಶುರು ಮಾಡಿದರು. ಮೇಡಂ ಗಡಿಯಾರ ಹಿಡಿದು ನಿಂತರು. ಕಡ್ಡಿ ಮೂಸಿದಳು, ಬರೆದಳು. ಐದು. ಮೂಸಿದಳು, ಬರೆದಳು. ಏಳು. ಇನ್ನೊಂದು ಆರೂವರೆ ಎನ್ನಬಹುದಿತ್ತು, ಆದರೆ ಅರ್ಧಕ್ಕೆ ಅವಕಾಶವಿಲ್ಲ. ಮತ್ತೊಂದು ಕಂಡಿಗೆ ಬಂದು ಮೂಸಿದಾಗ ಏನೋ ಒಂಥರಾ ಹಾಯೆನಿಸಿತು. ನಿದ್ದೆ ಬರುವಂತಾಯಿತು. ಎರಡು ಎಂದು ಬರೆದು ಮುಂದೆ ಹೋದಳು. ಆಚೆ ತುದಿಯಿಂದ ಬಂದ ಕನ್ನಡಕದ ಹುಡುಗಿ ಅದೇ ಕಂಡಿಯೆದುರು ಒಂದು ಹೆಜ್ಜೆ ಹಿಂದಕ್ಕೆ ಸರಿದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಅದನ್ನು ಕಡ್ಡಿ ನೋಡಲಿಲ್ಲ.

ಟೀ ವಿರಾಮವಾದ ಮೇಲೆ ಎರಡನೆಯ ಸುತ್ತು. ಮೇಡಂ ಹೇಳದಿದ್ದ ಗುಟ್ಟೇನೆಂದರೆ, ಎರಡನೆಯ ಸುತ್ತಿನಲ್ಲಿ ಬರುವುದೂ ಅವೇ ಕಂಕುಳುಗಳು, ಜಾಗ ಬದಲಾಯಿಸಿಕೊಂಡು. ಒಳ್ಳೆಯ ಮೂಗಾದರೆ ಎರಡು ಸಲವೂ ಒಂದೇ ಅಂಕ ಕೊಡುತ್ತದೆ. ಕಡ್ಡಿ ಮೂಸುತ್ತಾ ಬರೆಯುತ್ತಾ ಬಂದಳು. ಕೊನೆಯ ಕಂಡಿ. ಮತ್ತೆ ಅದೇ ಹಾಯಾದ ಭಾವ, ಮತ್ತೆ ಅದೇ ನಿದ್ದೆ. ಏನಿದು ಎಂದು ಈ ಸಲ ಕಣ್ಣು ಮುಚ್ಚಿ ದೀರ್ಘವಾಗಿ ಎಳೆದಳು. ಆಗ ಅವಳಿಗೆ ಸಂಜೆಯ ಬಸ್ ಡಿಪೋ ಕಂಡಿತು. ಕೆಲಸ ಮುಗಿಸಿದ ಅಪ್ಪನ ಹೆಗಲ ಮೇಲೆ ತಲೆಯಿಟ್ಟು, ಮೂಗನ್ನು ಅವರ ಅಂಗಿಯೊಳಕ್ಕೆ ತೂರಿಸಿ, ಮನೆ ಬರುವ ತನಕ ನಿದ್ದೆಹೋಗುತ್ತಿದ್ದ ಪುಟ್ಟ ಹುಡುಗಿ ಕಂಡಳು. ಬಾಯಿ ತನ್ನಷ್ಟಕ್ಕೆ ತಾನೇ ತೆರೆದುಕೊಂಡಿತು.

"ಅಪ್ಪಾ?"

"ಹೂಂ, ಏನೇ?" ಎಂದಿತು ಕಂಕುಳು.

ಮನೆಯಲ್ಲಿ ಪತ್ರಿಕೆಯಿಂದ ತಲೆಯೆತ್ತದೆ ಕೊಡುವ ಉತ್ತರ ಅದು. ರೂಢಿಯ ಮೇಲೆ ಬಂದುಬಿಟ್ಟಿತ್ತು. ಮರುಕ್ಷಣ ಆಚೆಯಿಂದ, "ಅಯ್ಯಯ್ಯೋ!" ಎಂಬ ಸದ್ದು, ಕೈ ಸರ್ರನೆ ಕಂಡಿಯೊಳಕ್ಕೆ ಮಾಯ. ಸಾಲಿನಲ್ಲಿದ್ದ ಉಳಿದ ಕೈಗಳೂ ಏನಾಯಿತೋ ಎಂದು ಒಂದೊಂದಾಗಿ ಇಳಿದವು. ಮೇಡಂ ಹಲಗೆಯ ಪಕ್ಕದ ಪುಟ್ಟ ಬಾಗಿಲನ್ನು ತೆರೆದರು. ಬರೀ ಬನಿಯನ್ನಿನಲ್ಲಿ, ಒಂದು ಕೈಗೆ ಬಿಳಿ ಗವಸು ತೊಟ್ಟು, ಅಪ್ಪ ನಿಂತಿದ್ದರು.

"ನೀನು ಲೈಬ್ರರಿಗೆ ಹೋಗಿದ್ಯಲ್ಲ?" ಎಂದಳು ಕಡ್ಡಿ.

"ನೀನು ಗುಣಮಟ್ಟ ನೋಡ್ತಿದ್ಯಲ್ಲ?" ಎಂದರು ಅಪ್ಪ.

"ಇದೇ ಗುಣಮಟ್ಟ."

"ಹಂಗಾದ್ರೆ ಇದೇ ಲೈಬ್ರರಿ."

ಕನ್ನಡಕದ ಹುಡುಗಿ ಕೋಟಿನ ತೋಳನ್ನು ಬಾಯಿಗೆ ತುರುಕಿಕೊಂಡು ಹೊರಗೆ ಓಡಿದಳು. ಅವಳು ಕಾರಿಡಾರಿನಲ್ಲಿ ಬಿದ್ದು ಬಿದ್ದು ನಗುವುದು ಎಲ್ಲರಿಗೂ ಕೇಳಿಸಿತು.

ಮೇಡಂ ಇಬ್ಬರನ್ನೂ ತಮ್ಮ ಕೋಣೆಗೆ ಕರೆದೊಯ್ದು ಕೂರಿಸಿದರು. ಅಪ್ಪ ಅಂಗಿ ಹಾಕಿಕೊಂಡು ಗುಂಡಿಗಳನ್ನೆಲ್ಲ ಒಂದೊಂದು ತೂತು ತಪ್ಪಿಸಿ ಹಾಕಿದ್ದರು. ಮೇಡಂ ಕಡ್ಡಿಯ ಅಂಕಗಳನ್ನು ನೋಡಿದರು, ಅಪ್ಪನನ್ನು ನೋಡಿದರು, ಮತ್ತೆ ಅಂಕಗಳನ್ನು ನೋಡಿದರು.

"ಇವರಿಗೆ ಎರಡು ಕೊಟ್ಟಿದೀಯ."

"ಹೂಂ ಮೇಡಂ."

"ಇವರು ಎಂಟು. ಈ ಲ್ಯಾಬಿಗೇ ಗೊತ್ತು ಇವರು ಎಂಟು ಅಂತ. ಏರಲ್ಲ, ಇಳಿಯಲ್ಲ. ನಮ್ಮ ಮಾದರಿ ಬಾಟಲಿ ಮೇಲೆ ಬರೆದಿರೋ ಎಂಟು ಸರಿ ಇದೆಯಾ ಅಂತ ಅನುಮಾನ ಬಂದ್ರೆ ನಾವು ಇವರನ್ನ ಮೂಸಿ ನೋಡ್ತೀವಿ. ಸಾಲದ್ದಕ್ಕೆ, ಇವರಷ್ಟು ಹೊತ್ತು ಕೈ ಎತ್ತಿ ನಿಲ್ಲೋರು ಇನ್ನೊಬ್ಬರಿಲ್ಲ."

"ಬಸ್ಸಲ್ಲಿ ಕಂಬಿ ಹಿಡಿದ ಅಭ್ಯಾಸ," ಎಂದರು ಅಪ್ಪ ನಾಚಿಕೊಂಡು. ಅವರ ಮುಖದಲ್ಲಿ ಅಂಥ ಹೆಮ್ಮೆಯನ್ನು ಕಡ್ಡಿ ನಿವೃತ್ತಿಯ ದಿನ ಹಾರ ಹಾಕಿದಾಗಲೂ ನೋಡಿರಲಿಲ್ಲ.

"ಅಂಥವರಿಗೆ ಎರಡು? ಅಪ್ಪ ಅಂತ ಗೊತ್ತಾಗಿ ಕಡಿಮೆ ಮಾಡಿದ್ಯಾ?"

"ಇಲ್ಲ ಮೇಡಂ, ಮೊದಲನೇ ಸುತ್ತಲ್ಲಿ ಗೊತ್ತೇ ಆಗ್ಲಿಲ್ಲ," ಎಂದಳು ಕಡ್ಡಿ. "ನನಗೆ ಅಷ್ಟೇ ಬಂದದ್ದು. ಅದು ನಾತ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ."

ಅಪ್ಪ ಗುಂಡಿಗಳನ್ನು ಬಿಚ್ಚಿ ಮತ್ತೆ ಹಾಕತೊಡಗಿದರು, ಮತ್ತೆ ತಪ್ಪಾಗಿಯೇ.

"ನೋಡಿ," ಎಂದರು ಮೇಡಂ. "ಉಳಿದ ಅಷ್ಟೂ ಜನಕ್ಕೆ ಈ ಹುಡುಗಿ ಎರಡು ಸುತ್ತಲ್ಲೂ ಕೂದಲಷ್ಟೂ ವ್ಯತ್ಯಾಸ ಇಲ್ಲದ ಹಾಗೆ ಒಂದೇ ಅಂಕ ಕೊಟ್ಟಿದಾಳೆ. ಇಂಥ ಮೂಗು ನನ್ನ ಕೈಗೆ ಸಿಕ್ಕಿಲ್ಲ. ಇಂಥ ಎಂಟೂ ಸಿಕ್ಕಿಲ್ಲ. ಆದ್ರೆ ಒಂದೇ ಮನೆಯವರು ಹಲಗೆಯ ಎರಡು ಕಡೆ ಇರೋ ಹಾಗಿಲ್ಲ. ಕಾರಣ ನೀವೇ ನೋಡಿದ್ರಲ್ಲ. ಒಬ್ಬರು ಬಿಡಬೇಕು. ಯಾರು ಅಂತ ನಾನು ಹೇಳಲ್ಲ. ನೀವೇ ಮಾತಾಡ್ಕೊಳ್ಳಿ." ಅವರು ಬಾಗಿಲು ಎಳೆದುಕೊಂಡು ಹೋದರು.

ಕಡ್ಡಿ ಅಪ್ಪನ ಕಡೆ ತಿರುಗಿದಳು. "ಇಲ್ಲಿಗೆ ಯಾಕಪ್ಪಾ ಬಂದೆ ನೀನು?"

"ಬಸ್ ಸ್ಟಾಪಲ್ಲಿ ಬೋರ್ಡ್ ಹಾಕಿದ್ರು. ನಿಮ್ಮ ಬೆವರು ನಮಗೆ ಬೇಕು ಅಂತ." ಅಪ್ಪ ಮೇಜಿನ ಮೇಲಿನ ಪೇಪರ್‌ವೇಟನ್ನು ತಿರುಗಿಸುತ್ತಾ ಕೂತರು. "ಅಷ್ಟು ವರ್ಷ ಸುರಿಸಿದೆನಲ್ಲೇ, ಬೇಕು ಅಂತ ಯಾರೂ ಬೋರ್ಡ್ ಹಾಕಿರ್ಲಿಲ್ಲ. ಒಳಗೆ ಬಂದ್ರೆ ಕುರ್ಚಿ ಕೊಟ್ಟು ಕೂರಿಸ್ತಾರೆ, ಟೀ ಕೊಡ್ತಾರೆ, ನಿನ್ನೆ ಯಾಕೆ ಬರ್ಲಿಲ್ಲ ಅಂತ ಕೇಳ್ತಾರೆ. ಮನೇಲಿ ಯಾರು ಕೇಳ್ತಾರೆ?"

"ನಾನೇ ಬಿಡ್ತೀನಪ್ಪ," ಎಂದಳು. "ನನಗೇನು, ಮಾವ ಸೀಟು ಹಿಡಿದಿಟ್ಟಿದಾರೆ. ಟೀಚರ್ ಆಗ್ತೀನಿ. ಮಕ್ಕಳು ಅಂದ್ರೆ ನನಗೆ ಇಷ್ಟ."

"ಸುಳ್ಳು ಹೇಳ್ಬೇಡ. ಮಕ್ಕಳನ್ನ ಕಂಡ್ರೆ ನಿನಗಾಗಲ್ಲ."

"ಅಭ್ಯಾಸ ಮಾಡ್ಕೊಳ್ತೀನಿ."

"ಏಯ್!" ಎಂದರು ಅಪ್ಪ. ಅವರು ಅವಳಿಗೆ ಗದರಿದ್ದು ಬಹುಶಃ ಅದೇ ಮೊದಲು. "ಸುಮ್ನೆ ಕೂತ್ಕೋ. ಸೀಟು ಬಿಟ್ಟುಕೊಡೋ ವಿಷಯ ನನಗೆ ಹೇಳಿಕೊಡ್ತೀಯಾ? ಕಂಡಕ್ಟರ್ ಸೀಟು ಅಂತ ಒಂದಿತ್ತು, ಅದರಲ್ಲಿ ನಾನು ಕೂತಿದ್ದು ಯಾವಾಗ? ಯಾರೋ ಬಸುರಿ, ಯಾರೋ ಮುದುಕಿ, ಯಾರೋ ಕಾಲು ನೋವಿನವನು. ಎದ್ದು ನಿಂತೇ ನನ್ನ ಸರ್ವೀಸು ಮುಗೀತು. ನನ್ನ ಮಗಳಿಗೆ ಎದ್ದು ಕೊಡೋಕೆ ಯೋಚನೆ ಮಾಡ್ತೀನಾ?"

"ಆದ್ರೆ ಅಪ್ಪ, ನೀನು ಎಂಟು..."

"ಎಂಟೇನು, ನಾಳೆ ಇನ್ನೊಬ್ಬ ಬರ್ತಾನೆ ಒಂಬತ್ತು," ಎಂದು ಅಪ್ಪ ಎದ್ದು, ಅಂಗಿಯ ಗುಂಡಿಗಳನ್ನು ಈ ಸಲ ಸರಿಯಾಗಿ ಹಾಕಿಕೊಂಡು, ಹೊರಗೆ ನಿಂತಿದ್ದ ಮೇಡಂಗೆ ತಮ್ಮ ಹೆಸರು ಹೊಡೆದುಹಾಕಲು ಹೇಳಿ ಬಂದರು. ಬರುವಾಗ ಗವಸನ್ನು ಮಡಚಿ ಮೇಜಿನ ಮೇಲಿಟ್ಟರು. ಒಂದು ಸಲ ಸವರಿದರು ಕೂಡ. ಕಡ್ಡಿಗೆ ಅದನ್ನು ನೋಡಲಾಗಲಿಲ್ಲ.

ಭಾನುವಾರ ಮಾವ ಬಂದರು. ಬಾಗಿಲಾಚೆ ಕುರ್ಚಿ ಹಾಕಿಸಿಕೊಳ್ಳಲು ಹೊರಟವರು ಮೂಗು ಅಗಲಿಸಿ, "ಅರೆ, ವೈರಾಗ್ಯ ಹೋಯ್ತಾ?" ಎಂದು ಒಳಗೇ ಬಂದು ಕೂತರು. ಅಪ್ಪ ಬೆಳಿಗ್ಗೆಯೇ ಸೋಪಿನ ಸ್ನಾನ ಮುಗಿಸಿದ್ದರು. ಏನಾಯಿತೆಂದು ಅರ್ಥವಾಗದ ಅಮ್ಮ ಸಂತೋಷದಲ್ಲಿ ಅವರಿಗೆ ಎರಡು ಸಲ ಟೀ ಮಾಡಿಕೊಟ್ಟಿದ್ದರು.

"ಏನಮ್ಮ, ಏನು ತೀರ್ಮಾನ ಮಾಡಿದೆ?" ಎಂದರು ಮಾವ.

ಕಡ್ಡಿ ಅಪ್ಪನ ಮುಖ ನೋಡಿದಳು. ಆಮೇಲೆ ಉಸಿರು ಬಿಗಿಹಿಡಿದು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಳು. "ನನಗೆ ಸೀಟು ಬೇಡ ಮಾವ. ಕೆಲಸ ಖಾಯಂ ಆಯ್ತು. ಸ್ಪ್ರೇ ಕಂಪನೀಲಿ ಕಂಕುಳು ಮೂಸೋ ಕೆಲಸ."

ಮೆಷಿನ್ನು ನಿಂತಿತು. ಅಪ್ಪ ನಡುವೆ ಬಾಯಿ ಹಾಕಿ, ಹಲಗೆ, ಕಂಡಿ, ಗವಸು, ಎಂಟು, ಎರಡು, ಎಲ್ಲವನ್ನೂ ಕೈಯೆತ್ತಿ ತೋರಿಸಿ ವಿವರಿಸಿದರು. ಅಮ್ಮ ಮೊದಲು ಗಂಡನನ್ನು ನೋಡಿದರು, ಆಮೇಲೆ ಮಗಳನ್ನು. "ಅಲ್ರೀ," ಎಂದರು, "ಒಂದೇ ಮನೇಲಿ ಕಂಕುಳು ಎತ್ತೋರು ಒಬ್ಬರು, ಮೂಸೋರು ಒಬ್ಬರು. ಮಧ್ಯದಲ್ಲಿ ಆ ಬನಿಯನ್ ಒಗೆದವಳು ನಾನು! ನನಗೆ ಯಾರೂ ಒಂದು ಅಂಕ ಕೊಡ್ಲಿಲ್ಲ!" ಎಂದವರೇ ಸೆರಗನ್ನು ಮುಖಕ್ಕೆ ಮುಚ್ಚಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಗತೊಡಗಿದರು.

ಮಾವನಿಗೆ ಮಾತ್ರ ನಗು ಬರಲಿಲ್ಲ. "ನಗ್ತೀರಲ್ಲ! ನಾಳೆ ನಾಕು ಜನ ಕೇಳಿದ್ರೆ ನಾನೇನು ಹೇಳ್ಲಿ? ವಿಜ್ಞಾನ ಓದಿ ಮೂಸೋ ಕೆಲಸಾನಾ?"

"ಭಾವ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದರು ಅಪ್ಪ. "ನನ್ನ ಮುಖ ಕಾಣಲ್ಲ, ದನಿ ಕೇಳಲ್ಲ. ಹಲಗೆ ಆಚೆಗೆ ಅಷ್ಟು ಜನರ ನಡುವೆ ನಿಂತಿದ್ದೆ. ಇವಳು ಅಪ್ಪ ಅಂದಳು. ನಿಮ್ಮ ಮಕ್ಕಳು ಫೋನಲ್ಲಿ ನೀವು ಹಲೋ ಅಂದ್ರೆ, ಯಾರು ಅಂತ ಕೇಳ್ತಾರಲ್ಲ?"

ಮಾವ ಟೀ ಲೋಟವನ್ನು ಎತ್ತಿಕೊಂಡು, ಕುಡಿಯದೆಯೇ ಕೆಳಗಿಟ್ಟರು. ಹಾಗೆ ಕೇಳಬಾರದಿತ್ತು ಎಂದು ಅಪ್ಪನಿಗೇ ಅನ್ನಿಸ್ತೋ ಏನೋ, ಬಿಸ್ಕತ್ತಿನ ತಟ್ಟೆಯನ್ನು ಅವರ ಹತ್ತಿರಕ್ಕೆ ಸರಿಸಿದರು. ಹೊರಡುವಾಗ ಮಾವ ಕಡ್ಡಿಯನ್ನು ಪಕ್ಕಕ್ಕೆ ಕರೆದು, ಸುತ್ತ ನೋಡಿ, ದನಿ ತಗ್ಗಿಸಿ ಕೇಳಿದರು: "ಅಲ್ಲ ಕಣೇ, ಇಷ್ಟು ದಿನದಿಂದ ನನ್ನ ಪಕ್ಕ ಕೂರ್ತಿದ್ಯಲ್ಲ... ನನಗೆ ಎಷ್ಟು?"

"ನಾಲ್ಕು ಮಾವ."

"ಪಾಸಾ, ಫೇಲಾ?"

"ತುಂಬಾ ಒಳ್ಳೇದು ಮಾವ." ಹೆಡ್‌ಮಾಸ್ಟರು ಎದೆಯುಬ್ಬಿಸಿಕೊಂಡು ಹೊರಟುಹೋದರು.

ಸೋಮವಾರ ಖಾಯಂ ಕೆಲಸದ ಮೊದಲ ದಿನ. ಕಡ್ಡಿ ಚಪ್ಪಲಿ ಮೆಟ್ಟುವಷ್ಟರಲ್ಲಿ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದರು.

"ನೀನೆಲ್ಲಿಗಪ್ಪ?"

"ಗೇಟಿನ ತನಕ ಬರ್ತೀನಿ ನಡಿ."

ಬಸ್ಸಿನಲ್ಲಿ ಹೋದರು. ಇಳಿದು ನಡೆದರು. ಅಪ್ಪ ದಾರಿಯುದ್ದಕ್ಕೂ ಈ ರೂಟಿನಲ್ಲಿ ಯಾವ ಸ್ಟಾಪಿನಲ್ಲಿ ಎಂಥ ಜನ ಹತ್ತುತ್ತಾರೆ ಎಂದು ಹೇಳುತ್ತಲೇ ಇದ್ದರು. ಕಂಪನಿಯ ಮುಂದಿನ ಗೇಟು ಬಂದಾಗ ನಿಂತು ತಲೆಯೆತ್ತಿ ನೋಡಿದರು. "ಈ ಕಡೆ ಇಷ್ಟು ದೊಡ್ಡದಾಗಿದೆಯಾ!" ಎಂದರು. ಅವರು ಆ ಕಡೆ ಬಂದದ್ದೇ ಇಲ್ಲ. ಕಾವಲುಗಾರ, ಯಾರು ಬೇಕು ಎಂದು ಕೇಳಿದ. "ನನ್ನ ಮಗಳು. ಒಳಗೆ ಕಂಕುಳು ಮೂಸ್ತಾಳೆ. ಭಾರೀ ಕಷ್ಟದ ಕೆಲಸ, ಎಲ್ಲರ ಕೈಲೂ ಆಗಲ್ಲ," ಎಂದು ಅಪ್ಪ ದಾರಿಯಲ್ಲಿ ಹೋಗುವವರಿಗೂ ಕೇಳುವಂತೆ ಹೇಳಿದರು. ಕಡ್ಡಿಗೆ ನಾಚಿಕೆಯಾಯಿತು, ಆದರೆ ಅವರನ್ನು ಸುಮ್ಮನಾಗಿಸಲು ಮನಸ್ಸಾಗಲಿಲ್ಲ.

"ಸಂಜೆ ಎಷ್ಟೊತ್ತಿಗೆ ಬಿಡ್ತಾರೆ?"

"ಐದಕ್ಕೆ."

"ಸರಿ, ಇಲ್ಲೇ ಇರ್ತೀನಿ."

"ಇಲ್ಲೇ ಅಂದ್ರೆ? ಈಗಿಂದ್ಲಾ?"

ಅಪ್ಪ ಸ್ವಲ್ಪ ತಡವರಿಸಿದರು. "ಇಲ್ಲೇ ಅಂದ್ರೆ... ಇಲ್ಲೇ ಎಲ್ಲಾದ್ರೂ. ನೀನು ಹೋಗು, ಹೊತ್ತಾಯ್ತು."

ಕಡ್ಡಿ ಹೋದಳು. ಮೆಟ್ಟಿಲು ಹತ್ತುವಾಗ ತಿರುಗಿ ನೋಡಬಾರದು ಅಂದುಕೊಂಡೇ ನೋಡಿದಳು. ಅಪ್ಪ ಗೇಟಿನ ಆಚೆ, ರಸ್ತೆಯ ಆ ತುದಿ ಒಮ್ಮೆ ಈ ತುದಿ ಒಮ್ಮೆ ನೋಡುತ್ತಾ, ಎತ್ತ ಹೋಗುವುದೆಂದು ತಿಳಿಯದೆ ನಿಂತಿದ್ದರು. ಅಷ್ಟು ಸಾಕಾಯಿತು. ಬಿಳಿ ಕೋಟು ತೊಡುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕಡ್ಡಿ ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿಸಿ, ಮುಖ ತೊಳೆದು, ಏನೂ ಆಗದವಳಂತೆ ಮೇಡಂ ಎದುರು ಹೋಗಿ ನಿಂತಳು. ಮೇಡಂ ಒಂದು ಬಾಟಲಿ ಕೊಟ್ಟರು. ಕಡ್ಡಿ ಎಳೆದಳು. ಸೊರ್ರ್ ಎಂದಿತು. ಇನ್ನೊಮ್ಮೆ ಎಳೆದಳು. ಸೊರ್ರ್ ಸೊರ್ರ್.

"ಮೂಗು ಕಟ್ಟಿದೆ," ಎಂದರು ಮೇಡಂ.

"ಇಲ್ಲ ಮೇಡಂ, ಈಗ ಬಿಡುತ್ತೆ."

"ಅತ್ತ ಮೂಗು ಇವತ್ತಿಡೀ ಕೆಲಸಕ್ಕೆ ಬರಲ್ಲ. ಇಲ್ಲಿ ಕಣ್ಣೀರಿಗೂ ರಜೆ ಇದೆ. ಹೋಗು, ನಾಳೆ ಬಾ." ಹೇಳುವಾಗ ಮೇಡಂ ಕಿಟಕಿಯಿಂದ ಗೇಟಿನ ಕಡೆ ನೋಡುತ್ತಿದ್ದರು. ಬಾಟಲಿಯ ಮುಚ್ಚಳ ಹಾಕಿದರು.

ಕಡ್ಡಿ ಕೋಟು ಬಿಚ್ಚಿಟ್ಟು ಓಡುತ್ತಲೇ ಮೆಟ್ಟಿಲಿಳಿದಳು. ಕಾವಲುಗಾರ ತನ್ನ ಸ್ಟೂಲನ್ನು ಅಪ್ಪನಿಗೆ ಕೊಟ್ಟಿದ್ದ. ಅಪ್ಪ ಅದರಲ್ಲಿ ಕೂರದೆ ಪಕ್ಕದಲ್ಲಿ ನಿಂತಿದ್ದರು. ಅವಳನ್ನು ಕಂಡದ್ದೇ ಅವರ ಮುಖ ಅರಳಿತು.

"ಏನೇ, ಇಷ್ಟು ಬೇಗ ಐದಾಯ್ತಾ?" ಎಂದರು.